ತೊಯ್ದ ಕಲ್ಲು

ಗಿರಾಕಿಯ ಕಾರು ತಾಂಡೂರು ಸ್ಟೇಷನ್ ದಾಟಿತು ಎಂಬ ಮೆಸೇಜ್ ಬಂದಾಗ ಶಿವಗಂಗಾ ನಾಲ್ಕನೆಯ ಬಕೆಟ್ ನೀರನ್ನು ಕಲ್ಲುಗಳ ಮೇಲೆ ಸುರಿಯುತ್ತಿದ್ದಳು. ಅಂಗಳದಲ್ಲಿ ಹನ್ನೆರಡು ಚಪ್ಪಡಿಗಳನ್ನು ಸಾಲಾಗಿ ಮಲಗಿಸಿದ್ದಳು. ನೀರು ಬಿದ್ದದ್ದೇ ತಡ, ಬೂದಿ ಬಡಿದಂತಿದ್ದ ಕಲ್ಲು ಹಳದಿಗೆ ತಿರುಗುತ್ತಿತ್ತು. ಆದರೆ ಏಪ್ರಿಲ್ ತಿಂಗಳ ಬಿಸಿಲು. ಹನ್ನೆರಡನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದರ ಅಂಚು ಬೆಳ್ಳಗಾಗುತ್ತಿತ್ತು. ಅವಳು ಮತ್ತೆ ನಲ್ಲಿಯ ಕಡೆ ಓಡಿದಳು.

"ಕಲ್ಲಿಗ್ಯಾಕ ಜಳಕ ಮಾಡಸಾಕತ್ತಿ?" ತಗಡಿನ ನೆರಳಲ್ಲಿ ಕೂತಿದ್ದ ಮಾವ ವೀರಪ್ಪ ಕೇಳಿದರು.

"ಧೂಳ ಕೂತದ್ರಿ ಮಾವಾ."

"ಧೂಳಿಗೆ ಕಸಬರಗಿ ಸಾಕಾಗ್ತದ."

ಅವಳು ಮತ್ತೊಂದು ಕಲ್ಲಿಗೆ ನೀರು ಸುರಿದಳು. ಇವತ್ತು ಅವರು ಇಲ್ಲಿ ಇರಲೇಬಾರದಿತ್ತು. ಯಾಲಾಲದ ಹೊಲಕ್ಕೆ ಹೋಗಿ ಬರಲಿ ಎಂದು ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಟ್ಟಿದ್ದಳು. ಬಸ್ಸು ತಪ್ಪಿತೆಂದು ಬುತ್ತಿಯ ಸಮೇತ ವಾಪಸು ಬಂದಿದ್ದರು.

ವೀರಪ್ಪ ನಲವತ್ತು ವರ್ಷ ಕಲ್ಲು ಮಾರಿದ ಮನುಷ್ಯ. ಅವರದು ಒಂದೇ ಹಟ: ತೊಯ್ದ ಕಲ್ಲಿಗೆ ಬೆಲೆ ಹೇಳಬಾರದು. ಮಳೆಗಾಲದಲ್ಲಿ ಗಿರಾಕಿ ಬಂದರೂ ಕೂರಿಸಿ, ಚಹಾ ಕುಡಿಸಿ, ಕಲ್ಲು ಒಣಗಿದ ಮೇಲೆಯೇ ವ್ಯಾಪಾರದ ಮಾತು. ಅಷ್ಟರಲ್ಲಿ ಅರ್ಧ ಗಿರಾಕಿಗಳು ಪಕ್ಕದ ಕಲ್ಲು ಕೊಯ್ಯುವ ಯೂನಿಟ್ಟಿಗೆ ಹೋಗಿ ಲಾರಿ ತುಂಬಿಸಿಕೊಂಡು ಹೋಗಿರುತ್ತಿದ್ದರು. ಬಜಾರಿನಲ್ಲಿ ಅವರಿಗೆ ಒಣ ವೀರಪ್ಪ ಎಂದೇ ಹೆಸರು. ಆ ಹೆಸರನ್ನು ಅವರು ಬಿರುದಿನ ಹಾಗೆ ಇಟ್ಟುಕೊಂಡಿದ್ದರು.

ಈಗ ಮಂದಿಗೆಲ್ಲ ಟೈಲ್ಸೇ ಬೇಕು. ಕಟಿಂಗ್ ಮೆಷಿನ್ ಸದ್ದು ಮಾಡಿ ಮೂರು ತಿಂಗಳಾಗಿತ್ತು. ಗಂಡ ಪ್ರವೀಣಕುಮಾರ ಮೆಷಿನ್ ಮತ್ತು ಜಾಗ ಎರಡನ್ನೂ ಕೊಟ್ಟುಬಿಡುವ ಮಾತಾಡಲು ಇವತ್ತೇ ಜಹೀರಾಬಾದಿಗೆ ಹೋಗಿದ್ದ. "ಸಂಜೀತನಕ ಆರ್ಡರ್ ಆದ್ರ ಫೋನ್ ಮಾಡು, ಇಲ್ಲಾಂದ್ರ ಹೂಂ ಅಂದು ಬರ್ತೀನಿ" ಎಂದು ಹೇಳಿಯೇ ಬಸ್ಸು ಹತ್ತಿದ್ದ. ಮಾವನಿಗೆ ಇದು ಗೊತ್ತಿರಲಿಲ್ಲ.

ಯೂನಿಟ್ ಉಳಿಸಲು ಶಿವಗಂಗಾಳ ಕೈಯಲ್ಲಿದ್ದದ್ದು ಒಂದು ಫೋನು. ಒಂದು ವರ್ಷದಿಂದ ಇನ್‌ಸ್ಟಾಗ್ರಾಮಿನಲ್ಲಿ ಅಂಗಡಿಯ ಪೇಜ್ ನಡೆಸುತ್ತಿದ್ದಳು. ಕಲ್ಲು ಇಳಿಸುವುದು, ಕಲ್ಲು ಕೊಯ್ಯುವುದು, ಕಲ್ಲಿನ ಮೇಲೆ ಬೆಕ್ಕು ಮಲಗಿದ್ದು, ಎಲ್ಲವನ್ನೂ ರೀಲ್ಸ್ ಮಾಡಿ ಹಾಕಿದಳು. ಲೈಕ್ ಒತ್ತುತ್ತಿದ್ದವರು ತವರಿನ ನೆಂಟರು ಮಾತ್ರ. ಅವರಲ್ಲಿ ಯಾರೂ ಕಲ್ಲು ಕೊಳ್ಳುವವರಿರಲಿಲ್ಲ. ಜನ ಮೊದಲ ಮೂರು ಸೆಕೆಂಡು ನಿಂತು ನೋಡಿದರೆ ಮಾತ್ರ ಕೊನೆಯವರೆಗೂ ನೋಡುತ್ತಾರೆ ಎಂಬುದನ್ನು ಅವಳು ನಿಧಾನಕ್ಕೆ ಕಲಿತಳು.

ಹೋದ ತಿಂಗಳು ಮಾವ ಮೊಗುಡಂಪಲ್ಲಿಗೆ ಬೀಗರ ಮನೆಗೆ ಹೋಗಿದ್ದಾಗ ಅವಳು ಹಿಂದಿನ ಖೋಲಿಗೆ ಹೋಗಿ ಗೋಣಿಚೀಲ ಸರಿಸಿದ್ದಳು. ಅದರಡಿ ಇದ್ದದ್ದು ಮಾವನ ಕಲ್ಲು. ಗಣಿಯಲ್ಲಿ ಮುಗಿದುಹೋದ ಒಂದು ಪದರಿನ ಕೊನೆಯ ಚಪ್ಪಡಿ, ಜೇನಿನ ಬಣ್ಣದ್ದು. ಮೆಷಿನ್ ತಾಗಿಸದೆ, ನೀರು ಸೋಕಿಸದೆ, ಅವರೇ ಉಳಿಯಿಂದ ಅಂಚು ಕಡಿದು, ಒಂದು ಮೂಲೆಯಲ್ಲಿ ವಿಭೂತಿಯ ಮೂರು ಗೆರೆ ಕೆತ್ತಿದ್ದರು. ತಾವು ಹೋದ ಮೇಲೆ ಯಾಲಾಲದ ಹೊಲದಲ್ಲಿ ತಮ್ಮ ಸಮಾಧಿಯ ಮೇಲೆ ಇಡಲಿಕ್ಕೆ. "ಕಲ್ಲು ತಯಾರ್ ಅದ, ಹೋಗೋದು ಯಾವಾಗ್ರಿ?" ಎಂದು ಅತ್ತೆ ರುಕ್ಮಿಣಿಬಾಯಿ ವರ್ಷಕ್ಕೊಮ್ಮೆಯಾದರೂ ಚೇಷ್ಟೆ ಮಾಡುತ್ತಿದ್ದರು.

ತೋರಿಸುವುದು ಬೇರೆ, ಕೊಡುವುದು ಬೇರೆ ಎಂದು ಶಿವಗಂಗಾ ತನಗೆ ತಾನೇ ಹೇಳಿಕೊಂಡಿದ್ದಳು. ಒಂದು ತಂಬಿಗೆ ನೀರು ಸುರಿದು ರೀಲ್ ಮಾಡಿದಳು. ಅದನ್ನು ಮೂರು ಲಕ್ಷ ಜನ ನೋಡಿದರು. ಅವರಲ್ಲಿ ಒಬ್ಬ ಈಗ ಗೇಟಿನೊಳಗೆ ಕಾರು ತಂದು ನಿಲ್ಲಿಸುತ್ತಿದ್ದ.

ಬಾಲರಾಜ ನಾರಾಯಣಖೇಡದವನು, ಜಹೀರಾಬಾದಿನಲ್ಲಿ ಮದುವೆಯ ಹಾಲ್ ಕಟ್ಟಿಸುತ್ತಿದ್ದ. ಇಳಿಯುವಾಗಲೇ ಫೋನಿನಲ್ಲಿ ರೀಲ್ ತೆಗೆದು ಹಿಡಿದಿದ್ದ.

"ಅಕ್ಕಾರ, ಇದಾ ಕಲ್ಲು ಬೇಕ ನೋಡ್ರಿ, ಇಡೀ ಹಾಲಿಗಿ. ನಮ್ ಮನಿಯಾಕಿ ದಿನಾ ನೋಡ್ತಾಳ ಇದನ್ನ."

ಅವನು ಫೋನನ್ನು ಹಸಿ ಕಲ್ಲಿನ ಪಕ್ಕ ಹಿಡಿದು ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದ. "ಅದೇ ಏನ್ರಿ ಇದು?"

"ಅದೇ ಖಣಿದು ರಿ," ಎಂದಳು. ಅರ್ಧ ಸುಳ್ಳು. ಖಣಿ ಅದೇ, ಪದರು ಬೇರೆ.

"ಹಾಂ, ಸೇಮ್ ಕಾಣ್ತದ. ಮತ್ತ ಈ ಮೂಲ್ಯಾಗ ಮೂರು ಗೆರಿ ಡಿಸೈನ್ ಅದಲ್ರಿ, ಅದೂ ಎಲ್ಲಾ ಕಲ್ಲಿಗೂ ಹಾಕಿಕೊಡ್ರಿ. ಭಾಳ ಚಂದ ಕಾಣ್ತದ."

ತಗಡಿನ ಕೆಳಗೆ ಕುರ್ಚಿ ಸರಿದ ಸಪ್ಪಳವಾಯಿತು.

"ಯಾವ ಮೂರು ಗೆರಿ? ನನಗೂ ತೋರ್ಸ್ರಿ," ಎನ್ನುತ್ತ ವೀರಪ್ಪ ಬಂದರು. ಫೋನು ಇಸಿದುಕೊಂಡು ತೋಳು ಚಾಚಿ ದೂರ ಹಿಡಿದು ನೋಡಿದರು. ರೀಲಿನ ಹಾಡು ಮುಗಿದು ಮತ್ತೆ ಮೊದಲಾಯಿತು. ಅವರು ಸೊಸೆಯ ಮುಖ ನೋಡಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಫೋನನ್ನು ಬಾಲರಾಜನ ಕೈಗೆ ವಾಪಸು ಕೊಟ್ಟು, "ಬಿಸಲಾಗ ಬಂದೀರಿ, ಕೂಡ್ರಿ. ಚಾ ಕುಡದು ಮಾತಾಡೂನು," ಎಂದರು. ಆಮೇಲೆ ಹಿಂದಿನ ಮನೆಯ ಕಡೆ ತಿರುಗಿ ಹೆಂಡತಿಗೆ ಕೂಗಿದರು: "ಚಾ ಇಡ್ರಿ. ಸಾವಕಾಶ ಆಗ್ಲಿ."

ಚಹಾ ಆಗುವಷ್ಟರಲ್ಲಿ ಕಲ್ಲು ಒಣಗಲಿ ಎಂಬುದು ಶಿವಗಂಗಾಳಿಗೆ ತಿಳಿಯಿತು.

"ಚಾ ಎಲ್ಲಾ ಬ್ಯಾಡ್ರಿ ಕಾಕಾ, ಟೈಮ್ ಇಲ್ಲ," ಬಾಲರಾಜ ಫೋನಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಹೇಳಿದ. "ಅಕ್ಕಾರ, ನಂಬರ್ ಹೇಳ್ರಿ. ಅಡ್ವಾನ್ಸ್ ಈಗ ಹಾಕಿಬಿಡ್ತೀನಿ."

ಅವಳ ಕೈಯಲ್ಲಿ ಅರ್ಧ ಬಕೆಟ್ ನೀರಿತ್ತು. ಮೊದಲ ಕಲ್ಲಿನ ಅಂಚು ಬೆಳ್ಳಗಾಗಿ, ಬಿಳುಪು ಒಳಗೊಳಗೆ ಹರಿದು ಬರುತ್ತಿತ್ತು. ಅವನು ಅತ್ತ ಬೆನ್ನು ಮಾಡಿದ್ದ. ಹತ್ತು ಅಂಕಿ ಹೇಳಿದರೆ ಯೂನಿಟ್ ಉಳಿಯುತ್ತಿತ್ತು.

"ಒಂಬತ್ತು, ನಾಕು..."

ವೀರಪ್ಪ ತಗಡಿನ ನೆರಳಿಗೆ ಮರಳಿ ಕಲ್ಲುಗಳನ್ನು ನೋಡುತ್ತ ಕೂತಿದ್ದರು, ಮಳೆಗಾಲದಲ್ಲಿ ಕೂರುತ್ತಿದ್ದ ಹಾಗೆಯೇ. ಅವಳು ಉಳಿದ ಎಂಟು ಅಂಕಿ ಹೇಳಿದರೂ ಅವರು ತಡೆಯುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು. ಅದೇ ಅವಳನ್ನು ಕಟ್ಟಿಹಾಕಿತು.

"ಮುಂದ್ರಿ?"

"ಚಾ ಕುಡೀರಿ ಅಣ್ಣಾರ, ಮೊದ್ಲ," ಎಂದು ಅವಳು ಬಕೆಟ್ ಕೆಳಗಿಟ್ಟಳು.

ಇಬ್ಬರೂ ಹೋಗಿ ವೀರಪ್ಪನವರ ಪಕ್ಕ ಕೂತರು. ಬಾಲರಾಜ ಮದುವೆಯ ಹಾಲ್‌ನ ಬಾಗಿಲು ಎಷ್ಟು ಎತ್ತರ, ದೀಪ ಎಲ್ಲಿಂದ ತರಿಸಿದ್ದು ಎಲ್ಲವನ್ನೂ ಹೇಳಿದ. ಮಾತಿನ ನಡುವೆ ತಿರುಗಿ ನೋಡಿದವನು ಎದ್ದು ನಿಂತ. ಏಳು ಕಲ್ಲುಗಳು ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಉಳಿದ ಐದರ ನಡುವೆ ಒಂದೊಂದು ಹಳದಿ ಮಚ್ಚೆಯಿತ್ತು.

"ಇದೇನ್ರಿ, ಬಣ್ಣಾ ಹೋತು?"

"ಅದು ನೀರಿನ ಬಣ್ಣ," ವೀರಪ್ಪ ಹೇಳಿದರು. "ಕಲ್ಲಿಂದು ಇದು. ಗಟ್ಟಿ ಅದ, ನೂರು ವರ್ಷ ಬಾಳ್ತದ. ಬಣ್ಣ ಮಾತ್ರ ಇಷ್ಟೇ."

"ಅಂದ್ರ ವಿಡಿಯೋದಾಗ ತೋರ್ಸಿದ್ದು ಮೋಸ ಏನ್ರಿ?"

ಅವನು ಕೇಳಿದ್ದು ಅವಳನ್ನು. ಅವಳೇ ಹೇಳಬೇಕಿತ್ತು.

"ಅದು ಬ್ಯಾರೆ ಕಲ್ಲು ರಿ. ಒಂದೇ ಅದ. ಮಾರೂದಲ್ಲ, ನಮ್ ಮಾವಂದು."

"ಮಾವಂದು ಅಂದ್ರ?"

"ನನ್ ಸಮಾಧಿಗಿ ಇಟ್ಟದ್ದು," ವೀರಪ್ಪ ಹೊಲದ ಮೇರೆ ತೋರಿಸುವಷ್ಟು ಸಲೀಸಾಗಿ ಹೇಳಿದರು.

ಬಾಲರಾಜ ಫೋನನ್ನೊಮ್ಮೆ ನೋಡಿ ಜೇಬಿಗೆ ಹಾಕಿಕೊಂಡ. "ಮದವಿ ಹಾಲಿಗಿ ನಾ ಅದನ್ನ..." ಎಂದವನು ಮಾತು ಮುಗಿಸಲಿಲ್ಲ. "ಆತ್ರಿ. ಮನ್ಯಾಗ ಕೇಳಿ ಹೇಳ್ತೀನಿ," ಎಂದ. ವ್ಯಾಪಾರದಲ್ಲಿ ಆ ಮಾತಿಗೆ ಅರ್ಥ ಒಂದೇ. ಕಾರು ಗೇಟು ದಾಟಿದ ಮೇಲೆ ಅತ್ತೆ ಚಹಾ ತಂದಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದರು.

ಶಿವಗಂಗಾಳ ಕಣ್ಣು ತುಂಬಿ ಬಂತು. ಪ್ರವೀಣಕುಮಾರ ಎಲ್ಲಿ ಹೋಗಿದ್ದಾನೆ, ಸಂಜೆ ಏನು ಹೇಳಿ ಬರುತ್ತಾನೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ವೀರಪ್ಪ ಮೆಷಿನ್ನಿನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ.

"ತಪ್ಪಾತ್ರಿ ಮಾವಾ. ಆ ವಿಡಿಯೋ ಈಗೇ ತಗದುಬಿಡ್ತೀನಿ," ಎಂದು ಫೋನು ತೆಗೆದಳು.

"ತಡಿ. ಇನ್ನೊಮ್ಮಿ ತೋರ್ಸು."

ಅವಳು ತೋರಿಸಿದಳು. ಅವರು ಮೂರು ಸಲ ನೋಡಿದರು. ಮೂರನೆಯ ಸಲ ಮುಖವನ್ನು ತೀರ ಹತ್ತಿರ ತಂದರು.

"ಇದಕ ನಾ ಎಂದೂ ನೀರು ಹಾಕಿದ್ದಿಲ್ಲ," ಎಂದರು. ಫೋನನ್ನು ಅವಳಿಗೆ ಕೊಡುತ್ತ ಕೇಳಿದರು: "ನಾ ಹೋದ ಮ್ಯಾಲ, ಮಳಿ ಬಂದಾಗ, ಹಿಂಗ ಕಾಣ್ತದೇನು?"

ಅವಳು ಫೋನು ಕೆಳಗಿಟ್ಟಳು. ಎದ್ದು, ಅಂಗಳದಲ್ಲಿ ಇಟ್ಟಿದ್ದ ಅರ್ಧ ಬಕೆಟ್ ಎತ್ತಿಕೊಂಡು ಹಿಂದಿನ ಖೋಲಿಗೆ ನಡೆದಳು. ಗೋಣಿಚೀಲ ಸರಿಸಿ, ನೆಲದ ಮೇಲೆ ಮಲಗಿದ್ದ ಕಲ್ಲಿಗೆ ಉಳಿದ ನೀರನ್ನೆಲ್ಲ ನಿಧಾನವಾಗಿ ಸುರಿದಳು. ಚಹಾದ ಕಪ್ಪು ಹಿಡಿದು ವೀರಪ್ಪ ಬಾಗಿಲಲ್ಲಿ ಬಂದು ನಿಂತರು. ನೀರು ನಾಲ್ಕೂ ಅಂಚಿನಿಂದ ಇಳಿದುಹೋಯಿತು. ಮೂಲೆಯ ಮೂರು ಗೆರೆಗಳಲ್ಲಿ ಮಾತ್ರ ಒಂದಿಷ್ಟು ನಿಂತಿತ್ತು.