ಪವಿತ್ರಾಳ ಕೈಯ ಚಗಳಿ ಚಟ್ನಿ

ಸಿಲ್ವರ್ ಓಕ್ ಮರದ ನೆರಳು ಪವಿತ್ರಾಳ ಬೆನ್ನ ಮೇಲೆ ಬಿದ್ದು ಜಾರಿ, ಬಿದ್ದು ಜಾರಿ, ಬಿಸಿಲು, ಮತ್ತೆ ನೆರಳು – ಸ್ಕೂಟರು ಗುಂಡಿ ಹಾರಿತು, ಅಕ್ಕಾ ಗಟ್ಟಿ ಹಿಡ್ಕಳಿ ಅಂದಳು, ಏನನ್ನು ಹಿಡಿಯಲಿ, ಇವಳ ಸೊಂಟವನ್ನೇ, ಸೀಟಿನ ಹಿಂದಿನ ಕಂಬಿ ಸಾಕು ನನಗೆ, ಆದರೆ ಅಂಗೈ ತುರಿಸುತ್ತಿದೆ, ಅಂಗಾಲೂ, ಕಿವಿಯ ಒಳಗೂ, ಸ್ಕೂಟರು ಕಲಿತವಳೂ ಇವಳೇ, ಮೈದುನ ಅನಿಲನನ್ನು ಮದುವೆಯಾಗಿ ಬಂದು ಎರಡು ಮಳೆಗಾಲ ಕಳೆದಿಲ್ಲ, ಅವನು ಹಿಂದೆ ಓಡುತ್ತಾ ಕಲಿಸಿದ, ಇವರು, ನನ್ನ ಗಂಡ, ಅಂಗಳದಲ್ಲಿ ನಿಂತು ಭೇಷ್ ಅಂದರು, ನನಗೆ ಇಷ್ಟು ವರ್ಷದಲ್ಲಿ ಸೈಕಲ್ಲಿನ ಬೆಲ್ಲು ಬಾರಿಸು ಅಂತಲೂ ಯಾರೂ ಅನ್ನಲಿಲ್ಲ, ಈಗ ಇದರ ಮೇಲೇ ಕೂರಬೇಕಾಗಿ ಬಂತು, ಊಟವಾದದ್ದೇ ಅಣ್ಣ ತಮ್ಮ ಇಬ್ಬರೂ ಜೀಪಿಗೆ ಕಾಫಿ ಹಣ್ಣು ಹೇರಿಕೊಂಡು ಹೋದರು, ಫೋನು ಸಿಗುವುದಿಲ್ಲ. ಊಟ – ಮುಯ್ಯಾಳುಗಳ ಊಟ, ಇವತ್ತು ನಮ್ಮ ತೋಟದ ಕೊಯ್ಲಿಗೆ ಅವರು, ನಾಳೆ ಅವರ ತೋಟಕ್ಕೆ ನಾವು, ಬಂದವರಿಗೆ ಕಡುಬಿನ ಜೊತೆ ಚಗಳಿ ಚಟ್ನಿ ಇಲ್ಲದಿದ್ದರೆ ಆದೀತೇ, ಗಿಡದ ಮೇಲಿನ ಚಗಳಿ, ಆ ಕೆಂಪಿರುವೆಯ ಗೂಡನ್ನು ಎಲೆ ಸಮೇತ ಕೊಯ್ದು ಕಾದ ಬಾಣಲೆಗೆ ಕೊಡವಿ, ಹುರಿದು, ಸೂಜಿಮೆಣಸು ಬೆಳ್ಳುಳ್ಳಿ ಕಾಯಿತುರಿ ಇಟ್ಟು ಒರಳಲ್ಲಿ ಅರೆಯುವುದು, ಅದು ನನ್ನ ಕೆಲಸ, ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ, ಸಂಸೆಯ ನೆಂಟರು ಅದಕ್ಕೇ ಅಂತ ಬಸ್ಸು ಹತ್ತಿ ಬರುತ್ತಿದ್ದರು.

ನಾನೇ ಕಲಿಸಿದೆ ಇವಳಿಗೆ, ಕಲಿಸದೆ ಏನು ಮಾಡಲಿ, ಹೋದ ಕೊಯ್ಲಿನಲ್ಲಿ ಅರೆಯುತ್ತಿದ್ದಾಗಲೇ ಅಂಗೈ ತುರಿಸಿತು, ತಿಂದ ಮೇಲೆ ಮೈತುಂಬ ದದ್ದು, ಸಂತೆಗೆ ಅಂತ ಸುಳ್ಳು ಹೇಳಿ ಬಂದು ಮೆಡಿಕಲ್ಲಿನ ಮಾತ್ರೆ ನುಂಗಿದೆ, ಯಾರಿಗೂ ಹೇಳಲಿಲ್ಲ, ಹೇಳಿದರೆ ಒರಳು ಇವಳ ಪಾಲಾಗುತ್ತದೆ, ತೋಳು ನೋವು ಕಣೆ, ನೀನು ಅರಿ, ಉಪ್ಪು ಹುಳಿ ನಾನು ಹೇಳ್ತೀನಿ ಅಂತ ಕೂರಿಸಿದೆ, ಕೈ ಇವಳದ್ದಾದರೂ ಹೆಸರು ನನ್ನದೇ ಇರಲಿ ಅಂತ, ನಿಂತೀತೇ ಹೆಸರು, ಇವತ್ತು ಅತ್ತೆ ಕಡುಬು ಅದ್ದಿ ಕಣ್ಣು ಮುಚ್ಚಿ, ಪವಿತ್ರಾ, ಹದ ಅಂದ್ರೆ ಇದು ನೋಡೇ ಅಂದರು, ಇವರಂತೂ, ನಿನಗಿಂತ ಒಂದು ಕೈ ಮೇಲೆ ಮಾರಾಯ್ತಿ ಅಂತ ನನ್ನ ಕಡೆ ತಿರುಗಿ, ಎಲ್ಲರೂ ನಕ್ಕರು, ಯಾಕಕ್ಕಾ ನೀವು ಹಾಕಿಸ್ಕೊಂಡೇ ಇಲ್ಲ ಅಂತ ಇವಳು ಸೌಟು ಹಿಡಿದು ಬಂದಳು, ಹೊಟ್ಟೆಕಿಚ್ಚು ಕಣೇ ಅವಳಿಗೆ ಅಂದರು ಅತ್ತೆ, ತಮಾಷೆಗೆ, ತಮಾಷೆಗೇ ಇರಬೇಕು, ಹಾಕು ಅಂದೆ, ಇನ್ನೂ ಹಾಕು, ಎಲ್ಲರ ಮುಂದೆ ಬೆರಳು ನೆಕ್ಕಿದೆ, ನನ್ನದಕ್ಕಿಂತ ರುಚಿಯಾಗಿತ್ತು, ಅದೇ ಸಂಕಟ. ಆಮೇಲೆ ತುಟಿ ದಪ್ಪಗಾಗುತ್ತಾ ಬಂತು, ಚಗಳಿ ಕಚ್ಚಿರ್ಬೇಕು, ಅರಿಶಿನ ಹಚ್ಕೋ ಅಂದರು ಅತ್ತೆ, ಕೊಯ್ಲಿನಲ್ಲಿ ಯಾರಿಗೆ ಕಚ್ಚುವುದಿಲ್ಲ, ಹೌದು ಕಚ್ಚಿದ್ದೇ ಅಂದೆ ನಾನೂ, ಅರಿಶಿನಕ್ಕೂ ಇಳಿಯದಾಗ ಇವಳೇ ಸ್ಕೂಟರು ತೆಗೆದಳು, ಇವಳಿಗೂ ಕಚ್ಚಿದೆ, ಅಗೋ ರವಿಕೆಯ ಅಂಚಿನಲ್ಲಿ, ಕುತ್ತಿಗೆಯ ಕೆಳಗೆ, ಕಿತ್ತು ಎಸೆದಿದ್ದಾಳೆ, ಇರುವೆಯ ಮೈ ಕಿತ್ತು ಬಂದಿದೆ, ತಲೆ ಬಟ್ಟೆ ಕಚ್ಚಿಕೊಂಡೇ ಉಳಿದಿದೆ, ಸಾಸಿವೆಯಷ್ಟು ಕೆಂಪು.

ಕೊಟ್ಟಿಗೆಹಾರ ಬಂತು, ನೀರುದೋಸೆಯ ವಾಸನೆ, ಇವಳು ಮೆಡಿಕಲ್ಲಿನ ಮುಂದೆ ನಿಧಾನ ಮಾಡಿದಳು, ಅಕ್ಕಾ ಮಾತ್ರೆ ತಗಳಣಾ, ಆಸ್ಪತ್ರೆ ಅಂದ್ರೆ ಬಣಕಲ್ ತನಕ ಹೋಗ್ಬೇಕು, ಬರೀ ಇರುವೆ ಕಚ್ಚಿದ್ದಲ್ವ ಅಂದಳು, ಹೌದು ಅಂದುಬಿಡಲೇ, ಮಾತ್ರೆ, ಮನೆ, ಯಾರಿಗೂ ಏನೂ ತಿಳಿಯದು, ಆದರೆ ನಾಲಿಗೆ ಬಾಯಿ ತುಂಬಿಕೊಂಡಿದೆ, ಎಂಜಲು ಇಳಿಯುತ್ತಿಲ್ಲ, ಉಸಿರು ಸಿಳ್ಳೆ ಹೊಡೆಯುತ್ತಿದೆ, ಹೋದ ಸಲ ಇದೇ ಅಂಗಡಿಯವರು ಹೇಳಿದ್ದರು, ದದ್ದಿಗೆ ಇದು ಸಾಕಮ್ಮ, ನಾಲಿಗೆ ಊದಿ ಉಸಿರಿಗೆ ಬಂತೋ, ಇಲ್ಲಿ ಇಳಿಯಲೇಬೇಡಿ, ಸೀದಾ ಆಸ್ಪತ್ರೆ, ಇಂಜೆಕ್ಷನ್ನೇ ಆಗ್ಬೇಕು, ಆ ಪದಾರ್ಥ ಮತ್ತೆ ಮುಟ್ಟಬೇಡಿ ಅಂತ, ಮುಟ್ಟಿದೆ, ನೆಕ್ಕಿದೆ – ಸುಮ್ಮನಿದ್ದುಬಿಟ್ಟರೆ, ಪವಿತ್ರಾಳ ಕೈಯದು ತಿಂದು ಹೋದಳು ಅನ್ನುತ್ತದೆ ಊರು, ಇವಳು ಮತ್ತೆ ಒರಳು ಮುಟ್ಟುವುದಿಲ್ಲ, ಆಹಾ, ಮುಟ್ಟದೆ ಏನು, ತಿಥಿಯಾದ ಮೇಲೆ ಮುಂದಿನ ಕೊಯ್ಲು ಬರುತ್ತದೆ, ಮುಯ್ಯಾಳುಗಳು ಬರುತ್ತಾರೆ, ಅತ್ತೆ ಕರೆಯುತ್ತಾರೆ, ಬಾರೇ ಪವಿತ್ರಾ ಅಂತ, ಇವರೂ ಅದ್ದಿಕೊಂಡು ತಿನ್ನುತ್ತಾರೆ, ನಾನು ಸತ್ತರೂ ಒರಳು ಇವಳಿಗೇ, ಬದುಕಿದರೂ ಇವಳಿಗೇ, ಬದುಕಿದರೆ ಕಣ್ಣಾರೆ ನೋಡಿ ಉಪ್ಪು ಜಾಸ್ತಿ ಅಂತಲಾದರೂ ಅನ್ನಬಹುದು. ಮಾತ್ರೆ ಬೇಡ, ಆಸ್ಪತ್ರೆ ಅಂದೆ, ಯಾರದ್ದೋ ದನಿ, ಇವಳು ತಿರುಗಿ ನೋಡಿ, ಅಯ್ಯೋ ಶಿವನೇ, ಮುಖ ಏನಕ್ಕಾ ಇದು, ಇರುವೆಯಲ್ಲ ಕಣೆ ಅಂದೆ, ಚಟ್ನಿ, ಹೋದ ವರ್ಷ ನಾನೇ ಅರೆದದ್ದಕ್ಕೂ ಹಿಂಗೇ ಆಗಿತ್ತು, ಆಗಲ್ಲ ನಂಗೆ, ಇನ್ನು ನೀನೇ – ಮಾತಾಡ್ಬೇಡಿ ಸುಮ್ನಿರಿ ಅಂತ ಗದರಿದಳು, ನನ್ನನ್ನು, ಇವಳು, ಕಂಬಿಯಿಂದ ನನ್ನ ಕೈ ಬಿಡಿಸಿ ಸೊಂಟಕ್ಕೆ ಸುತ್ತಿಕೊಂಡಳು, ಹಾರನ್ನು, ಗಾಳಿ, ಇವಳ ಮೈ ನಡುಗುತ್ತಿದೆಯೋ ನನ್ನದೋ, ಬೆರಳಿಗೆ ಬೆರಳು ಹೆಣೆದಿದ್ದೇನೆ, ಬಿಟ್ಟರೆ ಬಿದ್ದೆ, ಉಸಿರು, ಒಂದು, ಇನ್ನೊಂದು, ಕಣ್ಣ ಮುಂದೆ ರವಿಕೆಯ ಅಂಚು, ಅಷ್ಟೇ ಕಾಣುವುದು, ಆ ತಲೆ, ಕೆಂಪಗೆ, ಮೈಯಿಲ್ಲದ್ದು, ಕಚ್ಚಿಕೊಂಡೇ ಇದೆ, ಕಚ್ಚಿಕೊಂಡೇ