ಶಿಲುಬೆ ಹಬ್ಬದ ಮಂಗಳವಾರ

ನನ್ನ ಗಂಡ ಫೌಸ್ತಿನೊ ಮಾರ್ಚಿನಲ್ಲಿ ತೀರಿಕೊಂಡ. ಸೆಪ್ಟೆಂಬರಿಗೆ ನನ್ನ ಅಳಿಯ ಅತ್ತಿಲಿಯೊ ನನಗಾಗಿ ಒಂದು ರಜೆ ಗೊತ್ತುಮಾಡಿದ. ರಜೆ! ಆ ಮಾತು ಕಿವಿಗೆ ಬಿದ್ದಾಗ ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ಅವನ ತಲೆಯ ಮೇಲೆ ಹಾಕದೆ ಉಳಿದದ್ದು ದೇವರ ದಯೆ, ನನ್ನ ತಾಳ್ಮೆಯಲ್ಲ.

ನಾನು ರಜೆ ಕೇಳಿರಲಿಲ್ಲ. ನಾನು ಕೇಳಿದ್ದು ಒಂದೇ. ಫೌಸ್ತಿನೊ ಹುಟ್ಟಿದ್ದು ಇಸೆಯೊ ಸರೋವರದ ನಡುವಿನ ದ್ವೀಪದಲ್ಲಿ, ಕಾರ್ಝಾನೊ ಎಂಬ ಮೀನುಗಾರರ ಹಳ್ಳಿಯಲ್ಲಿ. ಅಲ್ಲಿ ಐದು ವರ್ಷಕ್ಕೊಮ್ಮೆ ಪವಿತ್ರ ಶಿಲುಬೆಯ ಹಬ್ಬ. ಕಾಲರಾ ಬಂದ ಕಾಲದಲ್ಲಿ ಹಿರಿಯರು ಹೊತ್ತ ಹರಕೆ ಅದು. ಹೆಂಗಸರು ಬಾಗಿಲು ಹಾಕಿಕೊಂಡು ಕಾಗದದ ಹೂ ಮಾಡುತ್ತಾರೆ. ಯಾರ ಮನೆಯಲ್ಲಿ ಯಾವ ಹೂ ಎಂಬುದು ಹಬ್ಬದ ದಿನದವರೆಗೆ ಪಕ್ಕದ ಮನೆಗೂ ತಿಳಿಯಬಾರದು. ಕಡೆಯ ಚಳಿಗಾಲದಲ್ಲಿ ಫೌಸ್ತಿನೊ ಕ್ರೆಮೊನಾದ ನಮ್ಮ ಅಡುಗೆಮನೆಯಲ್ಲಿ ಕುಳಿತು ತನ್ನ ತಂಗಿ ಪಾಲ್ಮೀರಾಗಾಗಿ ಹೂವಿನ ತಂತಿ ಸುತ್ತುತ್ತಿದ್ದ. ಯಾರಾದರೂ ಬಾಗಿಲು ತಟ್ಟಿದರೆ ಮೇಜಿನ ಮೇಲೆ ಬಟ್ಟೆ ಎಳೆಯುತ್ತಿದ್ದ. ಈ ಬಯಲುಸೀಮೆಯಲ್ಲಿ ಆ ಗುಟ್ಟು ಯಾರಿಗೆ ಬೇಕಿತ್ತು? ಆದರೂ ಎಳೆಯುತ್ತಿದ್ದ.

ಕಾರ್ಝಾನೊದ ಪಾದ್ರಿ ದೊನ್ ವಿಜೀಲಿಯೊ, ಹಬ್ಬದ ಬೆಳಗಿನ ಪೂಜೆಯನ್ನು ಫೌಸ್ತಿನೊನ ಆತ್ಮಕ್ಕಾಗಿ ಅರ್ಪಿಸುವುದಾಗಿ ಮಾತು ಕೊಟ್ಟಿದ್ದರು. ಸತ್ತವರಿಗಾಗಿ ಬೇಡುವ ಕಡೆ ಅವನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳುತ್ತಾರೆ. ಅವನಿಗೆ ಆ ಹೆಸರಿಟ್ಟದ್ದೂ ಅದೇ ಚರ್ಚಿನಲ್ಲಿ, ಅದೇ ಕಲ್ಲಿನ ತೊಟ್ಟಿಯ ನೀರು ಹಾಕಿ. ನಾನು ಅಲ್ಲಿ ಬೆಂಚಿನ ಮೇಲೆ ಕುಳಿತು ಆ ಹೆಸರು ಕೇಳಬೇಕು. ಅಷ್ಟೇ. ಅದಕ್ಕಿಂತ ಹೆಚ್ಚಿನದೇನೂ ನನಗೆ ಈ ಲೋಕದಲ್ಲಿ ಬೇಕಿರಲಿಲ್ಲ.

"ಹಿಂದಿನ ದಿನವೇ ಹೋಗಿಬಿಡೋಣ," ಎಂದೆ. "ಬ್ರೆಶಾದಲ್ಲಿ ರೈಲು ಬದಲಾಯ್ಸಿ, ಸಾಲೆ ಊರಲ್ಲಿ ಇಳಿದು, ಎದುರಿನ ಲಾಂಚು ಹಿಡಿದ್ರೆ ಆಯ್ತು. ಪಾಲ್ಮೀರಾ ಮನೇಲಿ ಮಲಗಿದ್ರೆ ಬೆಳಗ್ಗೆ ಚರ್ಚು ನಾಕು ಹೆಜ್ಜೆ."

ಅತ್ತಿಲಿಯೊ ನಗರಸಭೆಯ ಕಚೇರಿಯಲ್ಲಿ ಕೆಲಸ ಮಾಡುವವನು. ಅವನಿಗೆ ಎಲ್ಲವೂ ಚೆಂದಾಗಿ ಜೋಡಿಸಿರಬೇಕು. ಮೇಜಿನ ಮೇಲೆ ಫೋನು ಇಟ್ಟು ಬೆರಳಾಡಿಸಿದ.

"ಅತ್ತೆ, ಪಾಲ್ಮೀರಾ ಅತ್ತೆ ಮನೇಲಿ ಇರೋದು ಒಂದು ಬಚ್ಚಲು. ನಾನು ಇಸೆಯೊ ಪೇಟೇಲಿ ಹೋಟ್ಲು ಹಿಡಿದಿದ್ದೀನಿ. ಸರೋವರದ ಕಡೆ ಬಾಲ್ಕನಿ! ಬೆಳಗ್ಗೆ ಹೋಟ್ಲ ಮುಂದಿಂದಾನೇ ದೊಡ್ಡ ಲಾಂಚು. ಮೇಲಿನ ಅಟ್ಟದಲ್ಲಿ ಕೂತು ಕಾಫಿ ಕುಡೀತಾ, ಊರೂರು ನೋಡ್ತಾ, ಪೂಜೆಗೆ ಮುಂಚೆ ಕಾರ್ಝಾನೊ."

"ಆ ಲಾಂಚು ಅವತ್ತು ಇರೋದಿಲ್ಲ."

"ಇಲ್ಲಿ ಇದೆಯಲ್ಲ ಅತ್ತೆ, ನೋಡಿ. ಹಬ್ಬದ ದಿನಗಳ ಪಟ್ಟಿ."

"ಅದು ಭಾನುವಾರಕ್ಕೆ, ಕ್ರಿಸ್‌ಮಸ್ಸಿಗೆ. ಶಿಲುಬೆ ಹಬ್ಬ ಈ ಸಲ ಮಂಗಳವಾರ ಬಿದ್ದಿದೆ."

"ಹಬ್ಬ ಅಂದ್ಮೇಲೆ ಹಬ್ಬಾನೇ. ನಮ್ಮೂರ ಸಂತನ ದಿನ ಯಾವ ವಾರವಾದ್ರೂ ನಮ್ಮ ಕಚೇರಿ ಮುಚ್ಚೋದಿಲ್ವೆ? ಇಡೀ ದ್ವೀಪಕ್ಕೆ ಹಬ್ಬ ಇರೋವಾಗ ಲಾಂಚಿನವರು ಮಾತ್ರ ದುಡಿಯೋ ದಿನ ಅಂತಾರಾ?"

ಅನ್ನುತ್ತಾರೆ. ಫೌಸ್ತಿನೊನ ಜೊತೆ ಆ ದಾರಿಯಲ್ಲಿ ಓಡಾಡಿ ನನ್ನ ಕೂದಲು ಬೆಳ್ಳಗಾಗಿತ್ತು. "ಲಾಂಚಿನ ಕಚೇರಿಯೋರಿಗೆ ನಮ್ಮೂರ ಹಬ್ಬ ಅಂದ್ರೆ ಬರೀ ಮಂಗಳವಾರ ಕಣೇ," ಎಂದು ಅವನೇ ನಗುತ್ತಿದ್ದ. ಅದನ್ನು ಹೇಳಿದೆ. ಅತ್ತಿಲಿಯೊ ತುಟಿಯ ಕೊನೆಯಲ್ಲಿ ನಕ್ಕ. "ಮಾವನ ಕಾಲ ಬೇರೆ, ಅತ್ತೆ."

ಮಾವನ ಕಾಲ ಮುಗಿದದ್ದು ಮಾರ್ಚಿನಲ್ಲಿ!

ನನ್ನ ಮಗಳು ನೀವೆಸ್ ತಟ್ಟೆ ತೊಳೆಯುತ್ತ ಬೆನ್ನು ತಿರುಗಿಸಿಯೇ ನಿಂತಿದ್ದಳು. "ಅಮ್ಮ, ಅವರು ನಿನಗೋಸ್ಕರ ಎಷ್ಟು ಓಡಾಡಿದಾರೆ ಗೊತ್ತಾ? ನಿನಗೂ ಸ್ವಲ್ಪ ಬದಲಾವಣೆ ಬೇಕು. ಎಲ್ಲದಕ್ಕೂ ಅಡ್ಡಬಾಯಿ ಹಾಕಬೇಡ."

ಅಪ್ಪನ ಹೆಸರು ಕೇಳಲು ಹೋಗುವುದು ಅವಳಿಗೆ ಬದಲಾವಣೆ. ಜಪಸರ ಹಿಡಿದು ಕುಳಿತೆ. ಮಣಿ ಉರುಳಿಸಿದೆನೇ ಹೊರತು ಒಂದು ಪ್ರಾರ್ಥನೆಯೂ ನಾಲಿಗೆಗೆ ಬರಲಿಲ್ಲ.

ಹಬ್ಬದ ಬೆಳಿಗ್ಗೆ ಇಸೆಯೊದ ಲಾಂಚುಕಟ್ಟೆಯಲ್ಲಿ ನಾವು ಮೂವರು ನಿಂತಿದ್ದೆವು. ನಾನು ಕಪ್ಪು ಉಡುಪು, ಕಪ್ಪು ಮೇಲುವಸ್ತ್ರ. ಅತ್ತಿಲಿಯೊ ಹುಲ್ಲಿನ ಟೋಪಿ ಹಾಕಿ, ನನ್ನ ಚೀಲವನ್ನೂ ತಾನೇ ಹೊತ್ತಿದ್ದ. ನೀರು ಕನ್ನಡಿಯಂತಿತ್ತು. ಬಾತುಗಳಿದ್ದವು. ಲಾಂಚು ಇರಲಿಲ್ಲ.

ಕಟ್ಟೆ ತೊಳೆಯುತ್ತಿದ್ದವನು ತಲೆಯೆತ್ತಿದ. "ಯಾವುದಕ್ಕೆ ಕಾಯ್ತಿದೀರಿ?"

"ಕಾರ್ಝಾನೊಗೆ ಹೋಗೋ ದೊಡ್ಡ ಲಾಂಚು," ಎಂದ ಅತ್ತಿಲಿಯೊ.

"ಹಾಗಾದ್ರೆ ಆರಾಮಾಗಿ ಕೂತ್ಕೊಳ್ಳಿ ಸ್ವಾಮಿ. ಭಾನುವಾರ ಬರುತ್ತೆ."

ಗೋಡೆಯ ಮೇಲಿನ ಹಲಗೆಯನ್ನು ಅತ್ತಿಲಿಯೊ ಈಗ ಓದಿದ. ಆ ಲಾಂಚಿನ ಎದುರಿಗೆ ಸಣ್ಣ ಶಿಲುಬೆಯ ಗುರುತು ಇತ್ತು. ಅದು ಭಾನುವಾರಕ್ಕೆ ಮತ್ತು ದೇಶಕ್ಕೆಲ್ಲ ಬರುವ ಹಬ್ಬಗಳಿಗೆ. ದುಡಿಯುವ ದಿನದವಕ್ಕೆ ಸುತ್ತಿಗೆಯ ಗುರುತು. ಇಟಲಿಯಲ್ಲಿ ಹುಟ್ಟಿದ ಮಗುವಿಗೂ ತಿಳಿದದ್ದು ಅದು. ಅವನಿಗೂ ತಿಳಿದಿತ್ತು. ಆದರೆ ತನ್ನ ಕಚೇರಿ ಮುಚ್ಚಿದರೆ ಜಗತ್ತೇ ಮುಚ್ಚುತ್ತದೆ ಎಂದು ನಂಬಿದವನಿಗೆ ಯಾವ ಗುರುತು ಕಂಡೀತು?

"ಹೇಳು," ಎಂದೆ. "ಕಾಫಿ ಎಲ್ಲಿ ಕುಡಿಯೋಣ? ಮೇಲಿನ ಅಟ್ಟದಲ್ಲೋ, ಕೆಳಗಿನದರಲ್ಲೋ?"

"ಅಮ್ಮ!" ಎಂದಳು ನೀವೆಸ್.

"ನೀನು ಸುಮ್ನಿರು. ತಟ್ಟೆ ತೊಳೀತಾ ಮಾತಾಡಿದ್ದು ಸಾಕು."

ಅತ್ತಿಲಿಯೊ ಕೆಂಪಗಾಗಿ ನಿಲ್ದಾಣದ ಕಡೆಗೆ ನಡೆದ. ಸಣ್ಣ ರೈಲು ಹಿಡಿದು ಸಾಲೆಗೆ ಬಂದೆವು. ಕಾರ್ಝಾನೊ ಅಲ್ಲಿಂದ ನೇರ ಎದುರು. ದಡದಲ್ಲಿ ನಿಂತರೆ ಮನೆಗಳ ಕಿಟಕಿ ಕಾಣಿಸುತ್ತದೆ. ಆ ದಿನ ಹೂವೂ ಕಾಣಿಸಿತು. ಓಣಿಯ ಬಾಯಲ್ಲಿ ಕಮಾನು, ಕಮಾನಿನ ತುಂಬ ಕೆಂಪು, ಹಳದಿ. ಅದರಲ್ಲಿ ಎಲ್ಲೋ ಅವನು ಸುತ್ತಿದ ತಂತಿಯಿತ್ತು.

ದಕ್ಕೆಯ ತುಂಬ ಜನ. ಸಂಜೆಯ ದೀಪ ನೋಡಲು ಬರುವವರಿಗೆಂದು ಹೆಚ್ಚಿನ ಲಾಂಚುಗಳಿದ್ದದ್ದು ಮಧ್ಯಾಹ್ನದ ಮೇಲೆ. ಈಗ ಇದ್ದದ್ದು ದಿನದ ಲಾಂಚು ಒಂದೇ. ಅದು ತುಂಬಿ ಹೋಗುತ್ತಿತ್ತು, ನಿಧಾನವಾಗಿ ಮರಳುತ್ತಿತ್ತು. ನಮ್ಮ ಮುಂದೆ ಜನವೋ ಜನ.

"ನನ್ನ ಗಂಡನಿಗಾಗಿ ಪೂಜೆ ಇದೆ, ಸ್ವಲ್ಪ ಬಿಡ್ರಪ್ಪಾ," ಎಂದೆ.

"ಅಜ್ಜಿ, ಇಲ್ಲಿರೋರೆಲ್ಲ ಒಬ್ಬೊಬ್ಬ ಸತ್ತವರನ್ನ ಹೊತ್ಕೊಂಡೇ ನಿಂತಿದೀವಿ," ಎಂದಳೊಬ್ಬಳು, ತಿರುಗಿಯೂ ನೋಡದೆ. ಅವಳ ಕೈಯಲ್ಲಿ ಐಸ್‌ಕ್ರೀಮು ಇತ್ತು.

ಅಷ್ಟರಲ್ಲಿ ಆಚೆ ದಡದಲ್ಲಿ ಗಂಟೆ ಹೊಡೆಯಿತು. ಪೂಜೆ ಶುರುವಾಯಿತು.

ದೇವರೇ, ನಿನಗೆ ನಾನು ಏನು ಮಾಡಿದ್ದೆ ಎಂದು ಆ ದಕ್ಕೆಯ ಮೇಲೆ ನಿಂತು ಕೇಳಿದೆ. ವಿನಯದಿಂದ ಕೇಳಲಿಲ್ಲ. ಫೌಸ್ತಿನೊನನ್ನು ಕರೆದುಕೊಂಡಾಗ ನಾನು ಒಂದು ಮಾತೂ ಆಡಿರಲಿಲ್ಲ. ನಿನ್ನ ಇಷ್ಟದಂತೆ ಆಗಲಿ ಎಂದು ಹೇಳಿ ಅವನ ಕಣ್ಣು ಮುಚ್ಚಿದ್ದೆ. ಈಗ ಇಷ್ಟು ನೀರು ದಾಟಿಸಲಾರೆಯಾ?

ಆಗ ದನಿ ಕೇಳಿಸಿತು. ಚರ್ಚಿನಲ್ಲಿ ಹಿಡಿಯದ ಜನಕ್ಕೆಂದು ಹೊರಗೆ ಧ್ವನಿವರ್ಧಕ ಕಟ್ಟಿದ್ದರು. ಗಾಳಿಯಿರಲಿಲ್ಲ. ದೊನ್ ವಿಜೀಲಿಯೊ ಅವರ ಕೆಮ್ಮು ಕೂಡ ನೀರಿನ ಮೇಲೆ ಜಾರಿ ನನ್ನ ಕಿವಿಗೆ ಬಂತು. ನನ್ನ ಮೈಯೆಲ್ಲ ಕಿವಿಯಾಯಿತು. ಜನರ ನಡುವಿನಿಂದ ತೂರಿಕೊಂಡು ದಕ್ಕೆಯ ಅಂಚಿಗೆ ಹೋಗಿ ಕಬ್ಬಿಣದ ಗೂಟ ಹಿಡಿದು ನಿಂತೆ. ಬೈಬಲ್ ಓದಿದ್ದು ಕೇಳಿತು. ಉಪದೇಶ ಕೇಳಿತು. ದಕ್ಕೆಯ ಜನವೂ ಮಾತು ತಗ್ಗಿಸಿದರು. ಐಸ್‌ಕ್ರೀಮಿನವಳು ಶಿಲುಬೆಯ ಗುರುತು ಮಾಡಿಕೊಂಡಳು. ರೊಟ್ಟಿ ಎತ್ತಿದ ಗಂಟೆ ಕೇಳಿತು, ಬಟ್ಟಲು ಎತ್ತಿದ ಗಂಟೆ ಕೇಳಿತು. ನಾನು ಕಲ್ಲಿನ ಮೇಲೆ ಮೊಣಕಾಲೂರಿದೆ. ಕರ್ತನೇ, ಕ್ಷಮಿಸು, ನೀನು ದಾರಿ ಮಾಡಿಯೇ ಮಾಡಿದೆ ಎಂದುಕೊಂಡೆ.

"ನಿನ್ನಲ್ಲಿ ನಿದ್ರಿಸಿದ ನಿನ್ನ ಸೇವಕನನ್ನು ನೆನೆ, ಕರ್ತನೇ…" ಎಂದರು ದೊನ್ ವಿಜೀಲಿಯೊ.

"ಸಿಕ್ತು! ಅತ್ತೆ, ಸಿಕ್ತು!" ಅತ್ತಿಲಿಯೊ ನನ್ನ ಹೆಗಲು ಹಿಡಿದು ಕೂಗಿದ. ಫೋನು ನನ್ನ ಮುಖಕ್ಕೆ ಹಿಡಿದಿದ್ದ. "ಒಬ್ಬರು ಸ್ವಂತ ದೋಣೀಲಿ ಕರ್ಕೊಂಡು ಹೋಗ್ತಾರಂತೆ! ಈಗ್ಲೇ ಬರ್ತಿದಾರೆ!"

ಅವನ ಮುಖದಲ್ಲಿ ಮಗುವಿನಂಥ ಸಂತೋಷವಿತ್ತು. ಅದನ್ನು ನಾನು ಮರೆಯಲಾರೆ. ಆಚೆಯಿಂದ ಬಂದ ಮುಂದಿನ ಮಾತು, "ಮತ್ತು ಎಲ್ಲ ಮೃತರನ್ನು…"

ಹೆಸರು ಹೋಗಿತ್ತು.

ನಾನು ಎದ್ದೆ. ಆ ಫೋನನ್ನು ಕಿತ್ತು ನೀರಿಗೆ ಎಸೆಯಬೇಕೆನಿಸಿತು. "ಮುಚ್ಚೋ ಬಾಯಿ!" ಎಂದೆ. "ಅವನು ಬದುಕಿದ್ದಾಗಲೂ ಅವನ ಮಾತು ಮುಗಿಯೋಕೆ ಬಿಡ್ತಿರಲಿಲ್ಲ ನೀನು. ಸತ್ತ ಮೇಲೂ ಬಿಡಲಿಲ್ಲ. ನಿನ್ನ ಬಾಲ್ಕನಿ, ನಿನ್ನ ಕಾಫಿ, ನಿನ್ನ ಹಾಳು ರಜೆ! ಒಂದು ಹೆಸರು ಕೇಳೋಕೆ ಬಂದಿದ್ದೆ ಕಣೋ. ಒಂದೇ ಒಂದು!"

ಏನಾಯಿತೆಂದು ಅವನಿಗೆ ಆಗ ತಿಳಿಯಿತು. ಟೋಪಿ ತೆಗೆದ. ನೀವೆಸ್ ಅಳುತ್ತಿದ್ದಳು. ಅಳಲಿ ಎಂದುಕೊಂಡೆ.

ದೋಣಿಯವನು ಬಂದ. ನಾನೊಬ್ಬಳೇ ಹತ್ತಿದೆ. ಚೀಲವನ್ನು ಅತ್ತಿಲಿಯೊನ ಕೈಯಿಂದ ಕಿತ್ತುಕೊಂಡೆ. "ನೀವು ನಿಮ್ಮ ಬಾಲ್ಕನಿಗೆ ಹೋಗಿ," ಎಂದೆ.

ಪಾಲ್ಮೀರಾ ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿ ಹೋಗಿದ್ರಿ ಅತ್ತಿಗೆ? ಬೆಂಚಲ್ಲಿ ಜಾಗ ಹಿಡಿದು ಹಿಡಿದು ಜನರ ಹತ್ರ ಬೈಸ್ಕೊಂಡೆ. ಅಣ್ಣನ ಹೆಸರು ಎಷ್ಟು ಚೆನ್ನಾಗಿ ಹೇಳಿದ್ರು!"

"ನನಗೆ ಹೇಳಬೇಡ," ಎಂದು ಒಳಗೆ ನಡೆದೆ.

ಮಧ್ಯಾಹ್ನ ಪಾದ್ರಿಗಳನ್ನು ಕಂಡೆ. ನಾಳೆಯ ಪೂಜೆಯಲ್ಲಿ ಮತ್ತೊಮ್ಮೆ ಹೇಳಿ ಎಂದು ಕೇಳಿದೆ. ಅವರು ಗದ್ದ ತುರಿಸಿಕೊಂಡರು.

"ನಾಳೆಯದು ತೀರಿಕೊಂಡ ಬೊರ್ತೊಲೊಗೆ ಮೀಸಲು ತಾಯಿ. ಅವನ ಹೆಂಡತಿ ಒಪ್ಪಿದ್ರೆ ಇಬ್ಬರನ್ನೂ ಸೇರಿಸ್ತೀನಿ."

ಪಾಲ್ಮೀರಾ ಹಣೆ ಬಡಿದುಕೊಂಡಳು. "ಬೊರ್ತೊಲೊ ಜೊತೆನಾ? ಬಲೆ ವಿಷಯಕ್ಕೆ ಇಪ್ಪತ್ತು ವರ್ಷ ಮುಖ ನೋಡ್ಲಿಲ್ಲ ಇಬ್ಬರೂ! ಅಣ್ಣ ಎದ್ದು ಬರ್ತಾನೆ ಅತ್ತಿಗೆ!"

"ಬರಲಿ," ಎಂದೆ. "ಬಂದ್ರೆ ನನಗಿಂತ ಸಂತೋಷ ಪಡೋರು ಯಾರು?"

ಬೊರ್ತೊಲೊನ ಹೆಂಡತಿ ಬಾಗಿಲ ಮುಂದೆ ಒಣಮೀನು ತಿರುವಿಹಾಕುತ್ತಿದ್ದಳು. ನಾವು ಹೇಳಿದ್ದನ್ನು ಕೇಳಿ ಮೀನು ಕೆಳಗಿಡದೆಯೇ ಅಂದಳು: "ನೀರಲ್ಲಿ ಹಂಚ್ಕೊಳ್ಳಲಿಲ್ಲ. ಪೂಜೇಲಾದ್ರೂ ಹಂಚ್ಕೊಂಡು ಸಾಯಲಿ, ಮುದುಕರು."

ಮಾರನೆಯ ಬೆಳಿಗ್ಗೆ ಚರ್ಚಿನಲ್ಲಿ ಬೆರಳೆಣಿಕೆಯ ಮುದುಕಿಯರು. ಹೊರಗೆ ಹೂಗಳು ಹಾಗೆಯೇ ಇದ್ದವು. ಧ್ವನಿವರ್ಧಕ ಸುಮ್ಮನಿತ್ತು. ದೊನ್ ವಿಜೀಲಿಯೊ ಸತ್ತವರಿಗಾಗಿ ಬೇಡುವ ಕಡೆಗೆ ಬಂದರು. ಒಂದು ಕ್ಷಣ ನಿಂತು ನನ್ನನ್ನು ನೋಡಿದರು.

"ನಿನ್ನ ಸೇವಕರಾದ ಬೊರ್ತೊಲೊ ಮತ್ತು ಫೌಸ್ತಿನೊ."

ಕೇಳಿದೆ. ಕಲ್ಲಿನ ಗೋಡೆಗೆ ತಾಗಿ ಅದು ಇನ್ನೊಮ್ಮೆ ಮೆಲ್ಲಗೆ ಬಂತು. ಆರು ತಿಂಗಳು ಒಳಗೆ ಬಿಗಿದಿಟ್ಟದ್ದೆಲ್ಲ ಸಡಿಲಿತು. ಬೆಂಚಿಗೆ ಹಣೆಯಿಟ್ಟು ಅತ್ತುಬಿಟ್ಟೆ.

ತಲೆಯೆತ್ತಿದಾಗ ಹಿಂದೆ, ಬಾಗಿಲ ಹತ್ತಿರ, ಅತ್ತಿಲಿಯೊ ಕಂಡ. ಸುತ್ತಿಗೆ ಗುರುತಿನ ಮೊದಲ ಲಾಂಚು ಹಿಡಿದು ಬಂದಿರಬೇಕು. ಟೋಪಿಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದ. ಅವನ ಪಕ್ಕದಲ್ಲಿ ನೀವೆಸ್.

ಎಲ್ಲರೂ 'ನಮ್ಮ ತಂದೆಯೇ' ಹೇಳತೊಡಗಿದರು. ನಾನೂ ಹೇಳಿದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಎಂಬಲ್ಲಿಗೆ ಬಂದಾಗ ನನ್ನ ಬಾಯಿ ನಿಂತಿತು. ಪಾಲ್ಮೀರಾ ಮೊಣಕೈಯಿಂದ ತಿವಿದಳು. ನಾನು ಬಾಯಿ ತೆರೆಯಲಿಲ್ಲ. ಸುಳ್ಳು ಹೇಳುವುದಾದರೆ ಬೇರೆ ಎಲ್ಲಾದರೂ ಹೇಳಬಹುದು. ಅಲ್ಲಿ, ಅವನ ಹೆಸರು ಇನ್ನೂ ಗಾಳಿಯಲ್ಲಿರುವಾಗ, ಹೇಳಲಾರೆ. ಉಳಿದವರು ಆ ಸಾಲನ್ನು ದಾಟಿ ಮುಂದೆ ಹೋದರು. ಮುಂದಿನ ಸಾಲಿಗೆ ನಾನು ಸೇರಿಕೊಂಡೆ.

ಹೊರಗೆ ಕಮಾನಿನ ಕೆಳಗೆ ಅತ್ತಿಲಿಯೊ ಕಾಯುತ್ತಿದ್ದ. ಕಣ್ಣು ಊದಿತ್ತು.

"ಅತ್ತೆ," ಎಂದ ಮೆಲ್ಲಗೆ, "ವಾಪಸ್ ಹೋಗೋಕೆ ಲಾಂಚು…"

"ನೀನು ಹೇಳಬೇಡ. ನಾನು ಹೇಳ್ತೀನಿ, ನೀನು ಕೇಳು."

ಚೀಲವನ್ನು ಅವನ ಕೈಗೆ ತುರುಕಿದೆ. ಕಮಾನಿನ ಕೆಳಗಿನ ಸಾಲಿನಲ್ಲಿ ಒಂದು ಹೂವಿನ ತಂತಿ ಹೊರಗೆ ಚಾಚಿತ್ತು, ಎಡಕ್ಕೆ ಸುತ್ತಿದ್ದು. ಫೌಸ್ತಿನೊ ಒಬ್ಬನೇ ಎಡಕ್ಕೆ ಸುತ್ತುತ್ತಿದ್ದ. ಅದನ್ನು ಒಳಗೆ ಮಡಚಿ, ನಾನು ದಕ್ಕೆಯ ಕಡೆಗೆ ಮುಂದೆ ನಡೆದೆ.