ಉಡಿ ಸಾಮಾನಲ್ಲ

ನನ್ನ ತಂಗಿಯ ಮಗಳು ಶಿವಬಸವ್ವನಿಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಎಂಬತ್ತೊಂದನೆಯ ಇಸವಿಯಲ್ಲಿ ಮೂರನೆಯದು ನಿಂತು, ಏಳು ತಿಂಗಳಿಗೆ ಬಂದಾಗ ಮತ್ತೆ ತೊಂದರೆ ಕಾಣಿಸಿತು. ಬೆಳಗಾವಿಯ ಡಾಕ್ಟರರು, ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕಳಿಸಿರಿ, ರೈಲಿನ ಕುಲುಕಾಟ ಬೇಡ ಎಂದರು. ಮುಂಬಯಿಯಲ್ಲಿ ನೌಕರಿ ಮಾಡುತ್ತಿದ್ದ ಗಂಡ ಸಿದ್ದಪ್ಪ ವಿಮಾನದ ಟಿಕೀಟು ಕಳಿಸಿದ.

ಹೊರಡುವ ಮುಂಜಾನೆ ಖಾನಾಪುರದ ಮನೆಯಲ್ಲಿ ತಂಗಿ ತನ್ನ ಮಗಳ ಉಡಿ ತುಂಬಿ, ಸೆರಗಿನಲ್ಲಿ ಗಂಟು ಮಾಡಿ ಸೊಂಟಕ್ಕೆ ಕಟ್ಟಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಮೇಲೊಂದು ಕುಬಸದ ಖಣ. ಬಸುರಿ ಉಡಿ ಕಟ್ಟಿಕೊಂಡು ಹೊರಟಳೆಂದರೆ, ಮುಟ್ಟುವ ಮನೆಯ ಹೊಸ್ತಿಲು ದಾಟುವ ತನಕ ಬಿಚ್ಚುವುದಿಲ್ಲ.

ಅವಳನ್ನು ಕಳಿಸಲು ಬೆಳಗಾವಿ ಹತ್ತಿರದ ಸಾಂಬ್ರಾದ ವಿಮಾನ ನಿಲ್ದಾಣಕ್ಕೆ ಅವಳ ದೊಡ್ಡವ್ವ ನಾನು ಹೋಗಿದ್ದೆ. ಮೇಜಿನ ಹಿಂದಿದ್ದ ಕಾರಕೂನ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಕೈಯಾಗ ಒಂದ ಸಾಮಾನ ಒಯ್ಯಾಕ ಬರತೈತ್ರಿ ಬಾಯಾರ. ನಿಮ್ಮ ಕಡೆ ಎರಡ ಅದಾವ."

"ಎರಡ ಎಲ್ಲಿ ಅದಾವಪಾ? ಚೀಲ ಒಂದ ಐತಿ," ಎಂದೆ ನಾನು.

"ಸೀರ್ಯಾಗ ಕಟ್ಟ್ಯಾರಲ್ಲ, ಅದ?"

"ಅದು ಉಡಿ."

"ಅಕ್ಕಿ ಅಂದ್ರ ಸಾಮಾನರೀ. ಇಲ್ಲೇ ಸುರವ್ರಿ. ಇಲ್ಲಾ ಚೀಲಾ ಕೊಡ್ರಿ, ಲಗೇಜಿನ್ಯಾಗ ಹಾಕ್ತೀವಿ."

ಚೀಲದಲ್ಲಿ ಡಾಕ್ಟರರು ಕೊಟ್ಟ ಇಂಜೆಕ್ಷನ್ನಿನ ಗಾಜಿನ ಬಾಟಲಿಗಳಿದ್ದವು. ಲಗೇಜಿನಲ್ಲಿ ಒಗೆದರೆ ಒಡೆಯುತ್ತಿದ್ದವು. ಹಾಗೆಂದು ಹೇಳಿದರೆ ಅವನು ಗೋಡೆಯ ಮೇಲಿನ ಫಲಕ ತೋರಿಸಿ ಓದಿದ: "ಓವರ್‌ಕೋಟು, ಛತ್ರಿ, ಕ್ಯಾಮೆರಾ, ಓದೂ ಪುಸ್ತಕ, ಇಷ್ಟ ಲೆಕ್ಕಕ್ಕಿಲ್ಲ. ಉಡಿ ಇದ್ರಾಗ ಎಲ್ಲೈತ್ರಿ?"

ಮೇ ತಿಂಗಳ ಬಿಸಿಲು. ಓವರ್‌ಕೋಟು ಹಾಕಿಕೊಳ್ಳುವವರು ಬರೆದ ಕಾಯ್ದೆ ಅದು. ನಮ್ಮ ಹಿಂದೆ ನಿಂತಿದ್ದ, ನಮ್ಮೂರಿನ ವ್ಯಾಪಾರಿ ಬಾಳಾಸಾಹೇಬರ ತೋಳಿನ ಮೇಲೆ ಅಂಥದೊಂದು ಕೋಟು ಜೋತಾಡುತ್ತಿತ್ತು. ಅದರ ಕಿಸೆಗಳಲ್ಲಿ ಕುಂದಾ ಮಿಠಾಯಿಯ ಡಬ್ಬಿಗಳು ಉಬ್ಬಿದ್ದವು. ಅವರನ್ನು ಯಾರೂ ಕೇಳಲಿಲ್ಲ.

"ಕಾಯ್ದಾ ಅಂದ್ರ ಕಾಯ್ದಾರೀ ಮಾವಶಿ," ಎಂದು ಅವರು ನಕ್ಕರು. "ಮುಂದಿನ ಸರ್ತಿ ಉಡಿಗೊಂದು ಕೋಟ ಹೊಲಸ್ರಿ."

"ನಿಮ್ಮ ಕೋಟಿಗೆ ಎಷ್ಟನೇ ತಿಂಗಳರೀ ಸಾಹೇಬ್ರ? ಹೊಟ್ಟಿ ಭಾಳ ಮುಂದ ಬಂದೈತಿ!" ಎಂದೆ ನಾನು.

ಸಾಲಿನವರು ನಕ್ಕರು. ಅಷ್ಟರಲ್ಲಿ ಕಾರಕೂನ, "ಹೊತ್ತಾತು, ನಾನ ಬಿಚ್ಚಲೇನು?" ಎಂದು ಗಂಟಿನ ಕಡೆ ಕೈ ಚಾಚಿದ. ಆ ಕೈಯನ್ನು ಹಿಡಿದು ಮೇಜಿಗೆ ಒತ್ತಿದೆ.

"ಮುಟ್ಟಿದ್ರ ಮುರೀತೀನಿ."

ಶಿವಬಸವ್ವ ಚೀಲ ತೆರೆದಳು. ಗಂಟು ಬಿಚ್ಚದೆ, ಉಡಿಯ ಬಾಯಿಯನ್ನು ಎರಡು ಬೆರಳಿನಿಂದ ಸಡಿಲಿಸಿ, ಬಾಟಲಿಗಳನ್ನು ಒಂದೊಂದಾಗಿ ಅಕ್ಕಿಯೊಳಗೆ ಇಳಿಸಿದಳು. ಚೀಲವನ್ನು ಅವನ ಮುಂದೆ ದಬ್ಬಿದಳು.

"ತಗೋರಿ, ಲಗೇಜಿನ್ಯಾಗ ಹಾಕ್ರಿ. ಈಗ ಕೈಯಾಗ ಉಡಿ ಒಂದ ಐತಿ."

"ಒಂದಾದ್ರೂ ತೂಕ ಆಗಬೇಕ್ರಿ. ಕೈಸಾಮಾನಿನ ಚೀಟಿ ಕಟ್ಟಬೇಕು."

"ಮಾಡ್ರಿ ತೂಕ. ನಾನೂ ಹತ್ತಿ ನಿಂದರಲಿ?"

ಅವನು ತೂಕದ ಮಾತು ಬಿಟ್ಟ. ಚೀಟಿ ಬಿಡಲಿಲ್ಲ. ಅದಿಲ್ಲದೆ ಗೇಟು ದಾಟಿಸುವುದಿಲ್ಲವಂತೆ. ಶಿವಬಸವ್ವ ಅದನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಸೆರಗಿಗೆ ಕಟ್ಟಿಕೊಂಡಳು. ಸಂತೆಯಲ್ಲಿ ಮಾರಿದ ದನದ ಹಾಗೆ ಚೀಟಿ ಕಟ್ಟಿಕೊಂಡು ನನ್ನ ಕೂಸು ವಿಮಾನದ ಕಡೆ ನಡೆದಳು.

"ನೋಡ್ರಿ, ಕಾಯ್ದೆ ಪ್ರಕಾರನೂ ಆತು, ನಿಮ್ಮ ಕೆಲಸನೂ ಆತು," ಎಂದ ಕಾರಕೂನ.

"ನಿಮ್ಮವ್ವ ನಿನ್ನ ಹೊಟ್ಟ್ಯಾಗ ಇಟಗೊಂಡು ಹೊಂಟಾಗ ಯಾರು ಕಟ್ಟಿದ್ರೋ ಚೀಟಿ?"

ಅವನು, "ಮುಂದಿನವರು ಬರ್ರಿ," ಎಂದ.

ಮರುದಿನ ಸಿದ್ದಪ್ಪ ಟ್ರಂಕ್ ಕಾಲ್ ಮಾಡಿದ. ಬಾಟಲಿ ಒಂದೂ ಒಡೆದಿರಲಿಲ್ಲ, ಆಸ್ಪತ್ರೆಯವರು ಸೇರಿಸಿಕೊಂಡಿದ್ದರು, ಹೊಟ್ಟೆಯ ಕೂಸು ಆಡುತ್ತಿತ್ತು. ತಂಗಿ ಅತ್ತಳು. ನಾನು ಫೋನು ಇಸಿದುಕೊಂಡು ಕೇಳಿದೆ:

"ಆ ಚೀಟಿ ಹರದ ಒಗದಾಳೊ ಇಲ್ಲೊ?"